ಡ್ರೆಸ್ಡೆನ್‌ನಲ್ಲಿ ಒಂದೇ ಒಂದು ಭಾನುವಾರ ಸಿಕ್ಕಿದ್ರೆ

ಆಫೀಸ್ ಕೆಲಸದ ಮೇಲೆ ಫೆಬ್ರವರಿ ಕೊನೇಲಿ ಜರ್ಮನಿಯ ಡ್ರೆಸ್ಡೆನ್‌ಗೆ ಹೋಗಿದ್ದೆ. ಇನ್ಫಿನಿಯನ್, ಬಾಷ್, ಗ್ಲೋಬಲ್‌ಫೌಂಡ್ರೀಸ್ ಎಲ್ಲರದ್ದೂ ಅಲ್ಲಿ ಚಿಪ್ ಫ್ಯಾಕ್ಟರಿ ಇರೋದ್ರಿಂದ ಬೆಂಗಳೂರಿನವರು ಆ ಕಡೆ ಹೋಗಿ ಬರೋದು ಇದ್ದೇ ಇದೆ, ಅಂಥವರಿಗೆ ಉಪಯೋಗ ಆಗ್ಲಿ ಅಂತ ಇದನ್ನ ಬರೀತಿದೀನಿ. ಶನಿವಾರಾನೂ ಕೆಲಸದಲ್ಲೇ ಹೋಯ್ತು, ಉಳಿದಿದ್ದು ಒಂದು ಭಾನುವಾರ. ಟೀಮಲ್ಲಿ ಎಲ್ಲರದ್ದೂ ಒಂದೇ ರಾಗ, ಪಕ್ಕದ ಜೆಕ್ ದೇಶದ ಪ್ರಾಗ್‌ಗೆ ಹೋಗ್ಬಿಟ್ಟು ಬಾ, ಟ್ರೈನಲ್ಲಿ ಎರಡೂವರೆ ಗಂಟೆ ಅಷ್ಟೇ ಅಂತ. ಹೋಗಿ ಬರೋಕೇ ಐದು ಗಂಟೆ ಆಗುತ್ತೆ, ಬೆಳಕಿರೋದು ಬೆಳಗ್ಗೆ ಏಳರಿಂದ ಸಂಜೆ ಐದೂವರೆ ತನಕ, ಇನ್ನು ನೋಡೋದೇನು? ಹೋಗಲೇಬೇಕು ಅನ್ನೋರು ಒರಿಜಿನಲ್ ಪಾಸ್‌ಪೋರ್ಟ್ ಜೇಬಲ್ಲಿಟ್ಕೊಂಡೇ ಹೋಗಿ, ವಾಪಸ್ ಬರುವಾಗ ಬಾರ್ಡರಲ್ಲಿ ಪೊಲೀಸ್ ಟ್ರೈನ್ ಹತ್ತಿ ಚೆಕ್ ಮಾಡೋದುಂಟು.

ನನಗೆ ನೋಡಬೇಕಿದ್ದಿದ್ದು ಊರಂಚಿನ ಪಿಲ್ನಿಟ್ಸ್ ಅರಮನೆ ತೋಟ. ಲಾಲ್‌ಬಾಗ್ ಹತ್ರ ಕೃಂಬಿಗಲ್ ರೋಡ್ ಇದೆಯಲ್ಲ, ಆ ಕೃಂಬಿಗಲ್, ಅಂದ್ರೆ ಲಾಲ್‌ಬಾಗ್ ನೋಡ್ಕೊಂಡಿದ್ದ ಜರ್ಮನ್ ತೋಟಗಾರ, ಹುಟ್ಟಿದ್ದು 1865ರಲ್ಲಿ ಡ್ರೆಸ್ಡೆನ್ ಪಕ್ಕದ ಲೋಮೆನ್ ಅನ್ನೋ ಊರಲ್ಲಿ, ತೋಟಗಾರಿಕೆ ಕಲಿತಿದ್ದು ಈ ಪಿಲ್ನಿಟ್ಸ್‌ನಲ್ಲಿ, ಆಮೇಲೆ ಲಂಡನ್ನಿನ ಕ್ಯೂ ಗಾರ್ಡನ್ಸ್, ಬರೋಡಾ, ಅಲ್ಲಿಂದ ನಮ್ಮೂರು. ಬೆಂಗಳೂರಲ್ಲೇ ತೀರಿಕೊಂಡ್ರು. ಅವರು ಕಲಿತ ಜಾಗ ಹೆಂಗಿದೆ ನೋಡೋಣ ಅನ್ನೋ ಕುತೂಹಲ ಅಷ್ಟೇ.

ಹೋಗೋದು ಸುಲಭ. ಸಿಟಿಯಿಂದ 2ನೇ ನಂಬರ್ ಟ್ರಾಮ್ ಹಿಡಿದು ಕೊನೇ ಸ್ಟಾಪ್ ಕ್ಲೈನ್‌ಚಾಖ್‌ವಿಟ್ಸ್‌ನಲ್ಲಿ ಇಳಿದು ಎಲ್ಬೆ ನದಿ ದಂಡೆಗೆ ನಡೆದ್ರೆ ಫೆರಿ ಇರುತ್ತೆ, ದಾಟಿದ್ರೆ ಎದುರಿಗೇ ಅರಮನೆ. ನೀರು ಬೇಡ ಅನ್ನೋರಿಗೆ 63ನೇ ನಂಬರ್ ಬಸ್ ಇದೆ. ಡೇ ಟಿಕೆಟ್ ತಗೊಂಡ್ಬಿಡಿ, ಟ್ರಾಮು ಬಸ್ಸು ಫೆರಿ ಎಲ್ಲಕ್ಕೂ ಅದೇ ನಡೆಯುತ್ತೆ. ಸ್ಟಾಪಿನ ಮೆಷಿನ್ನಲ್ಲಿ ಪೇಪರ್ ಟಿಕೆಟ್ ತಗೊಂಡ್ರೆ ಹತ್ತಿದ ತಕ್ಷಣ ಸ್ಟ್ಯಾಂಪ್ ಹೊಡೆಸಿ, ಮರೆತು ಸಿಕ್ಕಿಬಿದ್ರೆ 60 ಯೂರೋ ದಂಡ, ಗೊತ್ತಿರಲಿಲ್ಲ ಸಾರ್ ಅಂದ್ರೆ ಯಾರೂ ಕೇಳಲ್ಲ.

ಈಗ ನನ್ನ ಪೆದ್ದುತನ. ಸೂಟ್‌ಕೇಸ್ ಭಾರ ಆಗುತ್ತೆ ಅಂತ ಆಫೀಸ್ ಶೂ ಒಂದೇ ಜೊತೆ ತಗೊಂಡು ಹೋಗಿದ್ದೆ, ಲೆದರ್ ಸೋಲ್. ಫೆರಿಗೆ ಇಳಿಯೋ ಕಲ್ಲಿನ ಇಳಿಜಾರಲ್ಲಿ ರಾತ್ರಿಯ ಮಂಜು ಗಾಜಿನ ಥರ ಗಟ್ಟಿಯಾಗಿತ್ತು, ಎರಡನೇ ಹೆಜ್ಜೆಗೇ ಜಾರಿ ಧೊಪ್ ಅಂತ ಕೂತೆ. ಹಿಂದಿದ್ದ ಅಜ್ಜಿ ಒಬ್ರು ಕೈ ಹಿಡಿದು ಎಬ್ಬಿಸಿ ನನ್ನ ಶೂ ತೋರಿಸ್ತಾ ಜರ್ಮನಲ್ಲಿ ಉದ್ದಕ್ಕೆ ಏನೋ ಬೈದ್ರು, ಒಂದು ಪದಾನೂ ಗೊತ್ತಾಗ್ಲಿಲ್ಲ ಆದ್ರೆ ನಮ್ಮಮ್ಮ ಬೈದಂಗೇ ಇತ್ತು. ಜಾಕೆಟ್‌ಗೆ ಸಾವಿರಾರು ರೂಪಾಯಿ ಸುರಿಯೋ ಮೊದಲು ಹಿಡಿತ ಇರೋ ರಬ್ಬರ್ ಸೋಲ್ ಶೂ ತಗೊಳ್ಳಿ. ಮೈಗೆ ಥರ್ಮಲ್, ಸ್ವೆಟರ್, ಗಾಳಿ ತಡೆಯೋ ಜಾಕೆಟ್ ಸಾಕು. ಹಾಂ, ಚಳೀಲಿ ಫೋನ್ ಬ್ಯಾಟರಿ ಬೇಗ ಇಳಿಯುತ್ತೆ, ಒಳಜೇಬಲ್ಲಿಟ್ಕೊಳ್ಳಿ.

ಪಿಲ್ನಿಟ್ಸ್ ಅರಮನೆಯ ಮ್ಯೂಸಿಯಂ ಚಳಿಗಾಲದಲ್ಲಿ ಮುಚ್ಚಿರುತ್ತೆ, ಗಿಡಗಳೆಲ್ಲ ಬೋಳು ಬೋಳು. ಆದ್ರೆ ಅಲ್ಲಿ ಒಂದು ಕ್ಯಮೀಲಿಯಾ ಇದೆ, ಅದು ಹೂ ಬಿಡೋದೇ ಈ ಟೈಮಲ್ಲಿ, ಫೆಬ್ರವರಿ ಮಧ್ಯದಿಂದ ಏಪ್ರಿಲ್ ತನಕ. ನಮ್ಮ ಟೀ ಗಿಡದ ಜಾತಿಯದ್ದೇ, 1801ರಿಂದ ಅದೇ ಜಾಗದಲ್ಲಿ ನಿಂತಿದೆ, ಗಿಡ ಅನ್ನೋಕಾಗಲ್ಲ, ಎರಡು ಮಹಡಿ ಮನೆಗಿಂತ ಎತ್ತರ. ಅದಕ್ಕೆ ಅಂತಲೇ ಒಂದು ಗಾಜಿನ ಮನೆ ಕಟ್ಟಿದಾರೆ, 54 ಟನ್ ತೂಕ, ಹಳಿ ಮೇಲೆ ಓಡುತ್ತೆ! ಚಳಿಗಾಲ ಬಂದ್ರೆ ಮನೆ ತಳ್ಕೊಂಡು ಬಂದು ಗಿಡದ ಮೇಲೆ ನಿಲ್ಲಿಸ್ತಾರೆ, ಬೇಸಿಗೆಗೆ ಪಕ್ಕಕ್ಕೆ ಸರಿಸ್ತಾರೆ. 1905ರ ಜನವರೀಲಿ ಆಗಿನ ಮರದ ಮನೆಗೆ ಬೆಂಕಿ ಬಿದ್ದು, ಆರಿಸೋಕೆ ಹಾಕಿದ ನೀರು ಮೈನಸ್ 20 ಡಿಗ್ರಿ ಚಳೀಲಿ ಗಿಡದ ಮೇಲೇ ಐಸ್ ಆಗಿ ಕಟ್ಕೊಂಡು, ಆ ಐಸ್ ಕವಚದಿಂದಲೇ ಗಿಡ ಬದುಕಿತಂತೆ.

ಟಿಕೆಟ್ ತಗೊಂಡು ಒಳಗೆ ಹೋದೆ. ಬೆಚ್ಚಗಿರುತ್ತೆ ಅಂದ್ಕೊಂಡಿದ್ರೆ ಇಲ್ಲ, ನಾಲ್ಕರಿಂದ ಆರು ಡಿಗ್ರಿ ಅಷ್ಟೇ ಇಟ್ಟಿರ್ತಾರೆ, ಜಾಕೆಟ್ ತೆಗೀಬೇಡಿ. ಹೂ ದೂರದಿಂದ ದಾಸವಾಳ ಅನ್ನಿಸುತ್ತೆ, ಅದೇ ಕೆಂಪು, ಹತ್ರ ಹೋದ್ರೆ ನಡುವೆ ಹಳದಿ ಕೇಸರದ ಗುಚ್ಛ. ವಾಸನೆ ಇಲ್ಲ. ಎಸಳು ಉದುರಲ್ಲ, ಹೂವೇ ಇಡಿಯಾಗಿ ಕಳಚಿ ಬೀಳುತ್ತೆ, ಬುಡದ ತುಂಬ ಅಂಗಾತ ಬಿದ್ದಿದ್ವು, ಪೂಜೆಗೆ ಇಟ್ಟಂಗೆ. ನಾನು ಒಂದು ಗಂಟೆ ಅಲ್ಲೇ ಇದ್ದೆ.

ಮಧ್ಯಾಹ್ನ ಹಳೇ ಊರು. ಎಲ್ಲ ನಡಿಗೆ ದೂರದಲ್ಲೇ ಇದೆ. ಫ್ರೌವೆನ್‌ಕಿರ್ಖೆ ಚರ್ಚ್ 1945ರ ಫೆಬ್ರವರಿ ಬಾಂಬ್ ದಾಳೀಲಿ ಕುಸಿದು ನಲವತ್ತೈದು ವರ್ಷಕ್ಕೂ ಮೇಲೆ ಕಲ್ಲಿನ ಗುಡ್ಡೆಯಾಗೇ ಇತ್ತು, 2005ರಲ್ಲಿ ಮತ್ತೆ ತೆರೆದ್ರು. ಗೋಡೇಲಿ ಅಲ್ಲಲ್ಲಿ ಕಪ್ಪು ಕಲ್ಲು ಕಾಣುತ್ತಲ್ಲ, ಅವು ಹಳೇ ಕಟ್ಟಡದ್ದೇ. ಒಳಗೆ ಸೊಟ್ಟಗಾದ ಹಳೇ ಶಿಲುಬೆ ಹಂಗೇ ಇಟ್ಟಿದಾರೆ. ಈಗ ಮೇಲಿರೋ ಬಂಗಾರದ ಶಿಲುಬೆ ಮಾಡಿದ್ದು ಲಂಡನ್ನಿನ ಅಕ್ಕಸಾಲಿ, ಅವರಪ್ಪ ಆ ದಾಳೀಲಿ ಬಾಂಬ್ ಹಾಕಿದ ವಿಮಾನದಲ್ಲಿದ್ದವರು. ಇದನ್ನ ತಿಳ್ಕೊಂಡು ನೋಡಿದ್ರೆ ಬೇರೆ ಥರ ಕಾಣುತ್ತೆ. ಭಾನುವಾರ ಪ್ರಾರ್ಥನೆ ಇರೋದ್ರಿಂದ ಪ್ರವಾಸಿಗಳನ್ನ ಬಿಡೋ ಟೈಮ್ ಕಮ್ಮಿ, ನೋಡ್ಕೊಂಡು ಹೋಗಿ. ಫೆಬ್ರವರಿ 13ಕ್ಕೆ ಆ ದಾಳಿಯ ನೆನಪಿನ ಮಾನವ ಸರಪಳಿ ಇರುತ್ತೆ, ಅವತ್ತು ಟ್ರಾಮ್ ದಾರಿ ಬದಲಾಗೋ ಸಾಧ್ಯತೆ ಜಾಸ್ತಿ.

ಪಕ್ಕದ ಬೀದೀಲಿ ನೂರು ಮೀಟರ್ ಉದ್ದದ ಗೋಡೆ, ಪೂರ್ತಿ ಪಿಂಗಾಣಿ ಟೈಲ್ಸಲ್ಲಿ ರಾಜರ ಮೆರವಣಿಗೆ, ನಿಂತು ನೋಡೋಕೆ ದುಡ್ಡಿಲ್ಲ. ಆಮೇಲೆ ತ್ಸ್ವಿಂಗರ್ ಚಿತ್ರ ಗ್ಯಾಲರಿಗೆ ಹೋಗಿ, ಬೆಚ್ಚಗಿರುತ್ತೆ, ರಾಫೆಲ್‌ನ ಸಿಸ್ಟೀನ್ ಮಡೋನಾ ಇರೋದು ಅಲ್ಲೇ, ಕೆಳಗಡೆ ಗಲ್ಲಕ್ಕೆ ಕೈ ಕೊಟ್ಕೊಂಡ ಆ ಎರಡು ರೆಕ್ಕೆ ಮಕ್ಕಳನ್ನ ನೀವು ಯಾವುದೋ ಗ್ರೀಟಿಂಗ್ ಕಾರ್ಡಲ್ಲಿ ನೋಡೇ ಇರ್ತೀರಿ. ಸೋಮವಾರ ರಜೆ. ಹಳೇ ಊರಿನ ಅರಮನೆಯ ಒಡವೆ ಭಂಡಾರಕ್ಕೆ ಮಂಗಳವಾರ ರಜೆ, ನನಗೆ ಅದಕ್ಕೆ ಟೈಮ್ ಸಿಗ್ಲಿಲ್ಲ.

ಊಟದ ವಿಷಯ. ಭಾನುವಾರ ಸೂಪರ್‌ಮಾರ್ಕೆಟ್ ಬಾಗಿಲು ಹಾಕಿರುತ್ತೆ, ದೊಡ್ಡ ಸ್ಟೇಷನ್‌ಗಳ ಒಳಗಿನ ಅಂಗಡಿಗಳು ತೆಗೆದಿರ್ತಾವೆ, ಶನಿವಾರವೇ ಹಾಲು ಮೊಸರು ತಂದಿಟ್ಕೊಳ್ಳಿ. ನೀರಿನ ಪ್ಲಾಸ್ಟಿಕ್ ಬಾಟಲ್ ಬಿಸಾಕಬೇಡಿ, ಮೆಷಿನ್ಗೆ ಹಾಕಿದ್ರೆ 25 ಸೆಂಟ್ ವಾಪಸ್. ಮೊಟ್ಟೆ ತಿನ್ನದವರು ಐಯರ್‌ಶೆಕೆ ಅನ್ನೋ ಇಲ್ಲಿನ ಫೇಮಸ್ ಕೇಕ್ ಬಿಡಿ, ಹೆಸರಲ್ಲೇ ಮೊಟ್ಟೆ ಇದೆ. ಆಲೂಗಡ್ಡೆ ಸೂಪ್ ಅಂತ ನಂಬ್ಕೊಂಡು ತಗೋಬೇಡಿ, ಸಾಸೇಜ್ ಹಾಕಿರ್ತಾರಾ ಕೇಳಿ. ನದಿ ಆಚೆ ನೊಯ್‌ಷ್ಟಾಟ್ ಕಡೆ ಫಲಾಫೆಲ್ ಸಿಗುತ್ತೆ. ನಾನಂತೂ ಸೊಂಟ ನೋವು ಅಂತ ಹೊರಗೆ ಹೋಗದೆ ರೂಮಲ್ಲೇ ತೆಳು ಅವಲಕ್ಕಿಗೆ ಕೆಟಲ್‌ನ ಬಿಸಿನೀರು ಚಿಮುಕಿಸಿ, ಮನೆಯಿಂದ ತಂದಿದ್ದ ಪುಳಿಯೋಗರೆ ಗೊಜ್ಜು ಕಲಸ್ಕೊಂಡು ತಿಂದು ಮಲಗಿದೆ.