ಬೈಗುಳ ಒಬ್ಬರಿಗೆ, ಶಾಲು ಒಬ್ಬರಿಗೆ

ಹದಿನಾಲ್ಕು ವರ್ಷದಿಂದ ನಮ್ಮೂರ ಹಾಲಿನ ಡೈರಿಯಲ್ಲಿ ಸೆಕ್ರೆಟರಿ ನಾನು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುವಷ್ಟರಲ್ಲಿ ಹೊರಗೆ ಸಾಲು ನಿಂತಿರುತ್ತೆ. ಸ್ಯಾಂಪಲ್ ತೆಗೆದು ಫ್ಯಾಟು, ಡಿಗ್ರಿ (ನೀರು ಬೆರೆತರೆ ಇಳಿಯೋ ಲ್ಯಾಕ್ಟೋಮೀಟರ್ ಅಳತೆ) ನೋಡಿ ಚೀಟಿ ಕೊಡೋದು ಕೆಲಸ. ಹಸುವಿನ ಹಾಲಿಗೆ 3.5 ಫ್ಯಾಟು, 8.5 ಎಸ್‌ಎನ್‌ಎಫ್ (ಫ್ಯಾಟು ಬಿಟ್ಟು ಹಾಲಿನಲ್ಲಿರೋ ಮಿಕ್ಕ ಘನಾಂಶ) ಬಂತೋ, ಚಿಂತೆಯಿಲ್ಲ. ಕಮ್ಮಿಯಾದರೆ ಬೆಳಿಗ್ಗೆ ಬೆಳಿಗ್ಗೆಯೇ ಮಾತಿಗೆ ಮಾತು.

ವರ್ಷಕ್ಕೊಮ್ಮೆ ಆಡಿಟ್ ಮುಗಿದು ಲಾಭ ಉಳಿದರೆ ಅದರಲ್ಲಿ ಕನಿಷ್ಠ ಶೇ 25 ಆಪದ್ಧನ ನಿಧಿಗೆ ಹೋಗಲೇಬೇಕು, ಸಹಕಾರ ಕಾಯ್ದೆಯ ಮಾತು ಅದು. ಮಿಕ್ಕ ಬಾಬ್ತು ಕಳೆದು ಬೋನಸ್‌ಗೆ ನಿಂತ ದುಡ್ಡನ್ನು ಯಾರು ಎಷ್ಟು ರೂಪಾಯಿ ಹಾಲು ಹಾಕಿದ್ದಾರೋ ಆ ಲೆಕ್ಕಕ್ಕೆ ಹಂಚುತ್ತೇವೆ. ಇದಕ್ಕಿಂತ ನ್ಯಾಯದ ಲೆಕ್ಕ ಇಲ್ಲ ಅಂತ ಪ್ರತಿ ಸಭೆಯಲ್ಲೂ ಮೈಕ್ ಹಿಡಿದು ಹೇಳುತ್ತಿದ್ದವನು ನಾನೇ.

ಮೂರು ವರ್ಷದ ಹಿಂದಿನ ವಾರ್ಷಿಕ ಸಭೆ. ಹೆಚ್ಚು ಹಾಲು ಹಾಕಿದವರಿಗೆ ಶಾಲು, ಹಾರ, ಒಂದು ಸ್ಟೀಲ್ ಕ್ಯಾನು. ಮೊದಲನೇ ಬಹುಮಾನದ ಯಜಮಾನರು ಗರಿಗರಿ ಪಂಚೆ ಉಟ್ಟು ವೇದಿಕೆಗೆ ಬಂದರು. ಹಾಲು ಒಕ್ಕೂಟದಿಂದ ಬಂದಿದ್ದ ಸಾಹೇಬರು ಖುಷಿಯಲ್ಲಿ, “ಯಜಮಾನ್ರೇ, ಈಗ ಎಷ್ಟು ಹಸು ಕರೀತಾವೆ?” ಅಂದರು. ಯಜಮಾನರು ತಡವರಿಸಿ ಶಾಮಿಯಾನದ ಹಿಂದಕ್ಕೆ ಕೂಗಿದರು: “ಏಯ್, ಎಷ್ಟಮ್ಮಿ ಕರೀತಾವೆ?”

“ನಾಕು. ಇನ್ನೊಂದು ಬತ್ತೋಗದೆ.”

ಕೂತವರೆಲ್ಲ ನಕ್ಕರು. ನಾನೂ ನಕ್ಕೆ.

ರಾತ್ರಿ ಲೆಕ್ಕ ಬರೆಯುವಾಗ ಆ ನಗು ಗಂಟಲಲ್ಲೇ ಇತ್ತು. ಅಷ್ಟು ವರ್ಷವೂ ದಿನಾ ಎರಡು ಹೊತ್ತು ಹಾಲು ತಂದದ್ದು ಹಿಂದಿನಿಂದ ಉತ್ತರ ಕೊಟ್ಟ ಆ ಅಕ್ಕ, ಯಜಮಾನರ ಹೆಂಡತಿ. ಕ್ಯಾನಿನ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಮಳೆ ಬಂದರೆ ತನ್ನ ತಲೆಯ ಸೆರಗನ್ನೇ ಅದರ ಮೇಲೆ ಎಳೆದು ತರುತ್ತಿದ್ದರು. ಡಿಗ್ರಿ ಇಳಿದ ದಿನ “ಏನಕ್ಕ, ನೀರು ಬಿತ್ತಾ?” ಅಂತ ಸಾಲಿನ ಮುಂದೆಯೇ ನಾನು ಗದರಿದ್ದು ಅವರನ್ನೇ. ಶಾಲಿಗೆ ಹೆಸರು ಬರೆಯುವಾಗ ಮಾತ್ರ ಸದಸ್ಯರ ಪುಸ್ತಕ ನೋಡಿದೆ.

ಪುಸ್ತಕ ತಿರುವಿದೆ. ಹೆಂಗಸರ ಹೆಸರು ಅಲ್ಲೊಂದು ಇಲ್ಲೊಂದು, ಹೆಚ್ಚಿನವರು ಗಂಡ ತೀರಿಕೊಂಡ ಮೇಲೆ ಸದಸ್ಯರಾದವರು. ಸರ್ಕಾರದ ಪ್ರೋತ್ಸಾಹಧನವೂ ಪುಸ್ತಕದ ಹೆಸರನ್ನೇ ಹಿಡಿದು ಖಾತೆಗೆ ಹೋಗುತ್ತೆ. 2008ರಲ್ಲಿ ಲೀಟರಿಗೆ 2 ರೂಪಾಯಿ ಅಂತ ಶುರುವಾಗಿ 2016ಕ್ಕೆ 5 ಆಯಿತು. ನಮ್ಮ ಪುಸ್ತಕದ ಹೆಸರುಗಳು ಇದ್ದಲ್ಲೇ ಇದ್ದವು.

ಆಡಳಿತ ಮಂಡಳಿಯಲ್ಲಿ ವಿಷಯ ತೆಗೆದೆ. “ಮನೆ ಒಂದೇ ತಾನೆ ಸೆಕ್ರೆಟ್ರಿ, ಯಾವ ಜೇಬಿಗೆ ಬಿದ್ದರೇನು?” ಅಂದರು ಒಬ್ಬ ನಿರ್ದೇಶಕರು. ಹೆಂಗಸರ ಸೀರೆಗೆ ಜೇಬೇ ಇರಲ್ಲ ಅಂತ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಸಂಬಳ ಅವರ ಸಹಿಯಿಂದಲೇ ಆಗಬೇಕಲ್ಲ.

ಕೊನೆಗೆ, ಒಪ್ಪಿದವರ ಷೇರನ್ನು ಹೆಂಡತಿ ಹೆಸರಿಗೆ ವರ್ಗ ಮಾಡೋಣ ಅಂತಾಯಿತು. ಅರ್ಜಿ ಬಂದದ್ದು ಒಂಬತ್ತು. ಆ ಯಜಮಾನರದ್ದು ಇವತ್ತಿಗೂ ಬಂದಿಲ್ಲ.

ಬಹುಮಾನ ನನ್ನ ಕೈಯಲ್ಲಿತ್ತು, ಅದನ್ನು ಬದಲಿಸಿದೆ. ಮುಂದಿನ ವರ್ಷದಿಂದ ಹಾಲು ತರುವವರ ಹೆಸರನ್ನೇ ಕೂಗಿದೆ. ವರ್ಷವಿಡೀ ಫ್ಯಾಟು ಚೆನ್ನಾಗಿ ಬಂದ ಮನೆಗೂ ಒಂದು ಬಹುಮಾನ ಸೇರಿಸಿದೆ. ಅದು ಒಂದೇ ಹಸು ಕಟ್ಟಿಕೊಂಡಿರೋ ಅಜ್ಜಿಗೆ ಬಂತು. ಹಾರ ಹಿಡಿದು ಹತ್ತಿರ ಹೋದರೆ ಅಜ್ಜಿ ಕೈ ಅಡ್ಡ ಹಿಡಿದರು.

“ಹಾರ ಬ್ಯಾಡ ಕಣಪ್ಪ. ಅದರ ದುಡ್ಡು ನನ್ನ ಬೂಸದ ಬಾಕಿಗೆ ಹಿಡ್ಕೊ.”