ಇಮ್ಯುನೊಥೆರಪಿಗೆ ಮುನ್ನ ನುಂಗಿದ ಮಾತ್ರೆಗಳು

ಕರುಳಿನ ಬ್ಯಾಕ್ಟೀರಿಯಾಗಳೇ ಶ್ವಾಸಕೋಶದ ಕ್ಯಾನ್ಸರನ್ನು ತರುತ್ತವೆ ಎಂದು ಯಾರಾದರೂ ಹೇಳಿದರೆ ಸದ್ಯಕ್ಕೆ ನಂಬಬೇಕಾಗಿಲ್ಲ. ಬೀಡಿ, ಸಿಗರೇಟು, ಕೆಟ್ಟ ಗಾಳಿ, ಒಲೆಯ ಹೊಗೆ, ಧೂಮಪಾನ ಮಾಡದವರಲ್ಲೂ ಉಂಟಾಗುವ ಕೆಲವು ಜೀನ್ ಬದಲಾವಣೆಗಳು ಅದರ ಪರಿಚಿತ ಕಾರಣಗಳು. ಕರುಳಿನ ಪಾತ್ರಕ್ಕೆ ಗಟ್ಟಿಯಾದ ಆಧಾರ ಸಿಕ್ಕಿರುವುದು ರೋಗ ಬಂದ ಮೇಲಿನ ಹಂತದಲ್ಲಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಇಮ್ಯುನೊಥೆರಪಿ ಎಂಬ ಚಿಕಿತ್ಸೆ ಯಾರಿಗೆ ಫಲಿಸುತ್ತದೆ, ಯಾರಿಗೆ ಫಲಿಸುವುದಿಲ್ಲ ಎಂಬಲ್ಲಿ. ಔಷಧಿ ಅಂಗಡಿ ನಡೆಸುವ ನನಗೆ ಈ ವಿಷಯ ಮುಖ್ಯವೆನಿಸಿದ್ದು, ನಮ್ಮ ಕೌಂಟರಿನಿಂದ ದಿನವೂ ಹೊರಹೋಗುವ ಮಾತ್ರೆಗಳ ಹೆಸರೂ ಅದರಲ್ಲಿ ಬರುವುದರಿಂದ.

ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ನಮ್ಮ ಟಿ ಕೋಶಗಳ ಮೇಲ್ಮೈಯಲ್ಲಿ ಪಿಡಿ-1 ಎಂಬ ಪ್ರೋಟೀನ್ ಇದೆ. ಗಾಡಿಯ ಬ್ರೇಕಿನಂತೆ ಅದು ಆ ಕೋಶಗಳು ಅತಿಯಾಗಿ ಕೆರಳದಂತೆ ತಡೆಯುತ್ತದೆ. ಕ್ಯಾನ್ಸರ್ ಕೋಶಗಳು ಅದೇ ಬ್ರೇಕನ್ನು ಒತ್ತಿ ತಪ್ಪಿಸಿಕೊಳ್ಳುತ್ತವೆ. ಜಪಾನಿನ ತಸುಕು ಹೊಂಜೊ ಅವರ ತಂಡ 1992ರಲ್ಲಿ ವರದಿ ಮಾಡಿದ ಈ ಪ್ರೋಟೀನನ್ನು ತಡೆಹಿಡಿಯುವ ನಿವೊಲುಮಾಬ್, ಪೆಂಬ್ರೊಲಿಜುಮಾಬ್ ಔಷಧಿಗಳನ್ನು ಇಂದು ಬೆಂಗಳೂರಿನ ಆಸ್ಪತ್ರೆಗಳಲ್ಲೂ ಡ್ರಿಪ್ ಮೂಲಕ ಕೊಡುತ್ತಾರೆ. ಕೆಲವರಲ್ಲಿ ರೋಗ ವರ್ಷಗಟ್ಟಲೆ ಹತೋಟಿಯಲ್ಲಿರುತ್ತದೆ, ಬಹಳ ಮಂದಿಯಲ್ಲಿ ಹಾಗಾಗುವುದಿಲ್ಲ.

ಈ ವ್ಯತ್ಯಾಸದ ಒಂದು ಕಾರಣವನ್ನು ಪ್ಯಾರಿಸ್ ಬಳಿಯ ವಿಲ್‌ಜುಯಿಫ್‌ನಲ್ಲಿರುವ ಗುಸ್ತಾವ್ ರೂಸಿ ಕ್ಯಾನ್ಸರ್ ಸಂಸ್ಥೆಯ ಲಾರೆನ್ಸ್ ಜಿಟ್‌ವೋಗೆಲ್ ಅವರ ತಂಡ ಕರುಳಿನಲ್ಲಿ ಹುಡುಕಿತು. 2018ರ ಆರಂಭದಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಚ್ಚಾದ ಅವರ ಅಧ್ಯಯನದಲ್ಲಿ 249 ರೋಗಿಗಳಿದ್ದರು; ಅವರಲ್ಲಿ 140 ಮಂದಿಗೆ ಶ್ವಾಸಕೋಶದ ಕ್ಯಾನ್ಸರ್, ಉಳಿದವರಿಗೆ ಮೂತ್ರಪಿಂಡ ಮತ್ತು ಮೂತ್ರಮಾರ್ಗದ ಕ್ಯಾನ್ಸರ್ ಇತ್ತು. ಚಿಕಿತ್ಸೆ ಆರಂಭವಾಗುವ ಆಸುಪಾಸಿನಲ್ಲಿ ಹಲ್ಲಿನ ತೊಂದರೆಗೋ ಮೂತ್ರದ ಸೋಂಕಿಗೋ ಶ್ವಾಸಕೋಶದ ಸೋಂಕಿಗೋ, ಕರುಳಿನ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವ ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದ 69 ಮಂದಿಯ ಮಧ್ಯಮ ಬದುಕಿನ ಅವಧಿ (ಅರ್ಧದಷ್ಟು ಮಂದಿ ಬದುಕಿದ್ದ ಕಾಲ) 11.5 ತಿಂಗಳಾದರೆ, ತೆಗೆದುಕೊಳ್ಳದವರದು 20.6 ತಿಂಗಳಾಗಿತ್ತು.

ಈ ಅಂಕಿಗಳನ್ನು ಓದಿದೊಡನೆ ಏಳುವ ಅನುಮಾನ ಸರಿಯಾದದ್ದೇ: ಆ್ಯಂಟಿಬಯಾಟಿಕ್ ಬೇಕಾದವರು ಮೊದಲೇ ಹೆಚ್ಚು ನಿತ್ರಾಣರಾಗಿದ್ದಿರಬಹುದಲ್ಲವೇ? ಈ ಪ್ರಶ್ನೆಗೆ ತಕ್ಕಮಟ್ಟಿನ ಉತ್ತರ ಸಿಕ್ಕಿದ್ದು ಇಲಿಗಳಿಂದ. ಕರುಳಿನಲ್ಲಿ ಒಂದೂ ಸೂಕ್ಷ್ಮಜೀವಿ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ರೋಗಿಗಳ ಮಲವನ್ನು ತಿನ್ನಿಸಿದಾಗ, ಚಿಕಿತ್ಸೆ ಫಲಿಸಿದವರ ಮಲ ಪಡೆದ ಇಲಿಗಳಲ್ಲಿ ಔಷಧಿ ಕೆಲಸ ಮಾಡಿತು, ಫಲಿಸದವರ ಮಲ ಪಡೆದವುಗಳಲ್ಲಿ ಮಾಡಲಿಲ್ಲ. ಎರಡನೆಯ ಗುಂಪಿಗೆ ಆಮೇಲೆ ಅಕ್ಕರ್‌ಮಾನ್ಸಿಯಾ ಮ್ಯೂಸಿನಿಫಿಲಾ ಎಂಬ ಒಂದೇ ಬ್ಯಾಕ್ಟೀರಿಯಾವನ್ನು ಬಾಯಿಯ ಮೂಲಕ ಕೊಟ್ಟಾಗ ಔಷಧಿಯ ಶಕ್ತಿ ಮರಳಿತು. ಕರುಳಿನ ಒಳಗೋಡೆಗೆ ಹೊದಿಕೆಯಂತಿರುವ ಲೋಳೆಯನ್ನೇ ತಿಂದು ಬದುಕುವ ಈ ಜೀವಿಯನ್ನು 2004ರಲ್ಲಿ ನೆದರ್ಲೆಂಡ್ಸಿನ ವಾಗೆನಿಂಗನ್‌ನ ವಿಜ್ಞಾನಿಗಳು ವರ್ಣಿಸಿದ್ದರು. ಹಾಗೆಂದು ಅದು ಹೆಚ್ಚಿದಷ್ಟೂ ಒಳ್ಳೆಯದಲ್ಲ. 2022ರಲ್ಲಿ 338 ಶ್ವಾಸಕೋಶ ಕ್ಯಾನ್ಸರ್ ರೋಗಿಗಳನ್ನು ನೋಡಿದಾಗ, ಅದು ಹದವಾಗಿದ್ದವರಿಗೆ ಒಳಿತಾಗಿತ್ತು, ಅತಿಯಾಗಿದ್ದವರಿಗೆ ಆಗಿರಲಿಲ್ಲ.

ಆ್ಯಂಟಿಬಯಾಟಿಕ್ ಯಾವಾಗ ತೆಗೆದುಕೊಂಡರು ಎಂಬುದೂ ಮುಖ್ಯ. 2019ರ ಒಂದು ಅಧ್ಯಯನದಲ್ಲಿ, ಇಮ್ಯುನೊಥೆರಪಿಗೆ ಹಿಂದಿನ ಒಂದು ತಿಂಗಳಲ್ಲಿ ಆ್ಯಂಟಿಬಯಾಟಿಕ್ ಪಡೆದವರ ಸ್ಥಿತಿ ಬಹಳ ಕೆಟ್ಟಿತ್ತು. ಚಿಕಿತ್ಸೆಯ ನಡುವೆ ಪಡೆದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಓದುವಾಗ ನನ್ನ ಮನಸ್ಸು ಹೋಗುವುದು ನಮ್ಮಲ್ಲಿ ರೋಗಿ ಕ್ಯಾನ್ಸರ್ ತಜ್ಞರನ್ನು ತಲುಪುವ ದಾರಿಯ ಕಡೆಗೆ. ಕೆಮ್ಮು ಬಿಡದಿದ್ದಾಗ ಮೊದಲು ಅಜಿತ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್, ಅದಕ್ಕೂ ಬಗ್ಗದಿದ್ದರೆ ಇನ್ನೊಂದು ಕೋರ್ಸು, ಎಕ್ಸ್-ರೇಯಲ್ಲಿ ಕಲೆ ಕಂಡರೆ ಕಫದಲ್ಲಿ ಕ್ರಿಮಿ ಸಿಗದಿದ್ದರೂ ಕ್ಷಯದ ಮಾತ್ರೆ. ಕ್ಷಯವೆಂದು ಭಾವಿಸಿ ತಿಂಗಳುಗಟ್ಟಲೆ ಚಿಕಿತ್ಸೆ ಪಡೆದ ಮೇಲೆ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಗುವುದು ಭಾರತದಲ್ಲಿ ಅಪರೂಪವಲ್ಲ, ಮತ್ತು ಆ ಚಿಕಿತ್ಸೆಯಲ್ಲಿರುವ ರಿಫಾಂಪಿಸಿನ್ ಕೂಡ ಹಲವು ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಆ್ಯಂಟಿಬಯಾಟಿಕ್ಕೇ. ತಡವಾದ ಪತ್ತೆಯ ನಷ್ಟ ಎಲ್ಲರಿಗೂ ಕಾಣುತ್ತದೆ. ಕರುಳಿಗಾದ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. "ಅಣ್ಣಾ, ಹೋದ ಸಲ ಕೊಟ್ಟಿದ್ರಲ್ಲ, ಆ ಮೂರು ಮಾತ್ರೆ ಕೊಡಿ" ಎಂದು ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ಮುಂದಿಡುವವರಿಗೆ ಚೀಟಿಯಿಲ್ಲದೆ ಕೊಡಲಾಗದು ಎಂದರೆ ಮುಖ ಗಂಟಿಕ್ಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಸಿಗುತ್ತದೆ.

ಗ್ಯಾಸಿನ ಮಾತ್ರೆಯ ಕಥೆಯೂ ಇದೇ. ಪ್ಯಾಂಟೊಪ್ರಜೋಲಿನಂಥ ಆಮ್ಲ ತಗ್ಗಿಸುವ ಔಷಧಿಗಳು ಕರುಳಿನ ಬ್ಯಾಕ್ಟೀರಿಯಾಗಳ ಸಮತೋಲವನ್ನು ಬದಲಿಸುತ್ತವೆ. ಅವನ್ನು ಸೇವಿಸುತ್ತಿದ್ದ ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ಇಮ್ಯುನೊಥೆರಪಿಯ ಫಲ ಕಡಿಮೆಯಿದ್ದುದು ಕೆಲವು ವಿಶ್ಲೇಷಣೆಗಳಲ್ಲಿ ಕಂಡಿದೆ. ಎಂದೋ ಒಮ್ಮೆ ಬರೆದ ಈ ಮಾತ್ರೆಯನ್ನು ವರ್ಷಗಟ್ಟಲೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವವರು ನಮ್ಮ ಗಿರಾಕಿಗಳಲ್ಲಿ ಧಾರಾಳವಾಗಿದ್ದಾರೆ.

ಇದರಿಂದ ರೋಗಿಗಳು ಹೆದರಿ ಆ್ಯಂಟಿಬಯಾಟಿಕ್ ಬಿಟ್ಟುಬಿಡಬಾರದು. ನಿಜವಾದ ನ್ಯುಮೋನಿಯಾ ಬಂದಾಗ ಅದೇ ಜೀವ ಉಳಿಸುವ ಔಷಧಿ, ಅಲ್ಲಿ ಕರುಳಿನ ಯೋಚನೆ ಎರಡನೆಯದು. ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ತುಂಬಿದ ಪ್ರೋಬಯಾಟಿಕ್ ಕ್ಯಾಪ್ಸೂಲಿನಿಂದ ಎಲ್ಲವನ್ನೂ ಸರಿಪಡಿಸಬಹುದೆಂಬ ಆಸೆಯೂ ಬೇಡ. 2021ರಲ್ಲಿ ಅಮೆರಿಕದ ಚರ್ಮದ ಕ್ಯಾನ್ಸರ್ ರೋಗಿಗಳ ಅಧ್ಯಯನವೊಂದರಲ್ಲಿ ನಾರಿನಂಶ ಚೆನ್ನಾಗಿದ್ದ ಊಟ ಮಾಡಿದವರಿಗೆ ಇಮ್ಯುನೊಥೆರಪಿ ಹೆಚ್ಚು ಫಲಿಸಿತ್ತು, ಅಂಗಡಿಯ ಪ್ರೋಬಯಾಟಿಕ್ ನುಂಗಿದವರಿಗೆ ಅದರಿಂದ ಲಾಭ ಕಾಣಲಿಲ್ಲ. ಇಮ್ಯುನೊಥೆರಪಿ ಫೈಲು ಹಿಡಿದು ಬರುವವರಲ್ಲಿ ನಾನು ಕೇಳಿಕೊಳ್ಳುವುದು ಇಷ್ಟೇ: ಕಳೆದ ಎರಡು ಮೂರು ತಿಂಗಳಲ್ಲಿ ನುಂಗಿದ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನು, ಖಾಲಿಯಾದವನ್ನೂ ಸೇರಿಸಿ, ಒಂದು ಕವರಿಗೆ ಹಾಕಿಕೊಂಡು ಹೋಗಿ ಕ್ಯಾನ್ಸರ್ ವೈದ್ಯರ ಮೇಜಿನ ಮೇಲೆ ಇಡಿ.