ಜೊಡು, ಜೊಟ್ಟ, ಜೊಡ್ದ: ಮೂರನೇ ವಾರ

ಇಲ್ಲದ ಕ್ರಿಯಾಪದವೊಂದನ್ನು ಕೊಟ್ಟು ಮನೆಯವರು ಅದರ ಭೂತಕಾಲವನ್ನು ಹೇಗೆ ಕಟ್ಟುತ್ತಾರೆ ಅಂತ ನೋಡುತ್ತಿದ್ದೇನೆ. ಹೋದ ವಾರದ ಉತ್ತರಗಳನ್ನೆಲ್ಲ ಹೊಡೆದುಹಾಕಿದೆ. ಇಲ್ಲದ ಕ್ರಿಯಾಪದ ಅಂತ ‘ದೊಡು’ ಕಟ್ಟಿದ್ದೆ. ‘ನಿನ್ನೆ ಅವನು ಏನು ಮಾಡಿದ?’ ಅಂದರೆ ‘ಕೊಟ್ಟ’ದ ಜಾಡಿನವರು ‘ದೊಟ್ಟ’ ಅನ್ನಬೇಕು, ‘ಮಾಡ್ದ’ದ ಜಾಡಿನವರು ‘ದೊಡ್ದ’. ಅದು ಕಿವಿಗೆ ‘ದೊಡ್ಡ’! ಅತ್ತೆ ನಕ್ಕುಬಿಟ್ಟರು, ಆಮೇಲೆ ಬೇಕೆಂದೇ ‘ದೊಟ್ಟ’ ಅಂದರು. ಈಗ ಪದ ‘ಜೊಡು’.

1958ರಲ್ಲಿ ಭಾಷಾವಿಜ್ಞಾನಿ ಜೀನ್ ಬರ್ಕೊ ಅಮೆರಿಕದಲ್ಲಿ ಮಾಡಿದ್ದೂ ಇದನ್ನೇ. ‘ಗ್ಲಿಂಗ್’ ಎಂಬ ಇಲ್ಲದ ಪದಕ್ಕೆ ಬಹುಪಾಲು ಮಕ್ಕಳು ‘ಗ್ಲಿಂಗ್ಡ್’ ಅಂದರೆ, ದೊಡ್ಡವರಲ್ಲಿ ಬಹಳ ಮಂದಿ ‘ಸಿಂಗ್–ಸ್ಯಾಂಗ್’ ಧಾಟಿ ಹಿಡಿದರು. ನಮ್ಮ ಮನೆಯ ದೊಡ್ಡವರೂ ಹೆಚ್ಚುಕಡಿಮೆ ಎಲ್ಲರೂ ‘ಜೊಟ್ಟ’. ‘ಪೇಡು’ ಕೊಟ್ಟರೆ ಮಾತ್ರ ‘ಪೇಡ್ದ’. ಕೊಡು, ಇಡು, ಬಿಡು, ಸುಡು, ನೆಡು, ಉಡು: ಹ್ರಸ್ವವಿದ್ದರೆ ‘ಟ್ಟ’. ಮಾಡು, ನೋಡು, ಓಡು: ದೀರ್ಘವಿದ್ದರೆ ‘ಇದ’. ಯಾರೂ ಹೇಳಿಕೊಡದ ಈ ಲೆಕ್ಕ ಎಲ್ಲರ ನಾಲಿಗೆಯಲ್ಲೂ ಇದೆ. ನಗು, ಸಿಗು, ಮಿಗು ಕೂಡ ಇದೇ ಜಾತಿಯವು: ನಕ್ಕ, ಸಿಕ್ಕ, ಮಿಕ್ಕ. ಇವನ್ನೆಲ್ಲ ಅನಿಯಮಿತ ಅನ್ನುವುದೇ ಅನ್ಯಾಯ ಅನ್ನಿಸಿತ್ತು. ಬರೀ ಸದ್ದಿನ ಹೋಲಿಕೆಯಿಂದಲೇ ಭೂತಕಾಲ ಹುಟ್ಟುತ್ತದೆ ಎನ್ನುವವರ ಪಕ್ಷಕ್ಕೆ ವಾಲಿದ್ದೆ. 1986ರಲ್ಲಿ ಮನೋವಿಜ್ಞಾನಿಗಳಾದ ರೂಮೆಲ್‌ಹಾರ್ಟ್ ಮತ್ತು ಮೆಕ್ಲೆಲ್ಯಾಂಡ್ ಕಂಪ್ಯೂಟರಿಗೆ ಇಂಗ್ಲಿಷ್ ಭೂತಕಾಲ ಕಲಿಸಿದ್ದು ಹಾಗೆಯೇ, ನಿಯಮ ಅಂತ ಒಂದನ್ನೂ ಬರೆದುಕೊಡದೆ.

ನನ್ನನ್ನು ಕೆಡವಿದವಳು ನಾಲ್ಕು ವರ್ಷದ ಸೊಸೆ, ಅಕ್ಕನ ಮಗಳು. ಬುಧವಾರ ಬೆಳಿಗ್ಗೆ ‘ನಾನೇ ಏಳ್ದೆ’ ಅಂದಳು. ಎದ್ದೆ ಎಂಬುದಕ್ಕೆ ಏಳ್ದೆ, ಸಿಕ್ಕಿತು ತಪ್ಪು ಅಂತ ಬರೆದುಕೊಂಡೆ. ಭಾವ ಮಂಡ್ಯದ ಕಡೆಯವರು, ‘ಏನ್ ಏಳ್ದೆ ಮಗ?’ ಅಂತ ಕೇಳಿದರು. ಅವರ ಮಾತಿನಲ್ಲಿ ಹಕಾರವಿಲ್ಲ. ಹೇಳಿದೆ ಅಂದರೂ ಏಳ್ದೆ.

ಅಲ್ಲಿಗೆ ನನ್ನ ಪಕ್ಷ ಬಿತ್ತು. ಭಾವನ ಬಾಯಲ್ಲಿ ಎರಡು ‘ಏಳು’ ಇವೆ, ಸದ್ದಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಒಂದರದ್ದು ಎದ್ದೆ, ಇನ್ನೊಂದರದ್ದು ಏಳ್ದೆ. ಅವರು ಒಮ್ಮೆಯೂ ತಪ್ಪುವುದಿಲ್ಲ. ಸದ್ದೊಂದೇ ಸಾಕಾಗಿದ್ದರೆ ಇದು ಹೇಗೆ ಸಾಧ್ಯ? ಯಾವ ಪದ ಅನ್ನುವುದೂ ತಲೆಯಲ್ಲಿ ಎಲ್ಲೋ ದಾಖಲಾಗಿರಲೇಬೇಕು. 1988ರಲ್ಲಿ ಮನೋವಿಜ್ಞಾನಿ ಪಿಂಕರ್ ಮತ್ತು ಭಾಷಾವಿಜ್ಞಾನಿ ಪ್ರಿನ್ಸ್ ಆ ಕಂಪ್ಯೂಟರ್ ಮಾದರಿಯ ತಪ್ಪು ಹಿಡಿದದ್ದೂ ಇಲ್ಲೇ: ಗಂಟೆ ಬಾರಿಸುವ ‘ರಿಂಗ್’ ‘ರ್‍ಯಾಂಗ್’ ಆಗುತ್ತದೆ, ಬಟ್ಟೆ ಹಿಂಡುವ ‘ರಿಂಗ್’ ‘ರಂಗ್’ ಆಗುತ್ತದೆ.

ಮುಂದಿನ ವಾರ ‘ಜೊಡು’ವನ್ನೇ ಎರಡು ಅರ್ಥಕ್ಕೆ ಕೊಟ್ಟು ನೋಡಬೇಕು. ಸೊಸೆ ಗುರುವಾರ ‘ಎದ್ದೆ’ ಅಂದಳು; ಶುಕ್ರವಾರ ಮತ್ತೆ ‘ಏಳ್ದೆ’. ಈ ಸಲ ಏನನ್ನು ಹೇಳಿದ್ದು ಅಂತ ಕೇಳಿಯೇ ಬರೆದುಕೊಂಡೆ.